ಉಪ್ಪು, ನೀರು, ಒಂದು ಗುಳಿಗೆ

ಒಂದು ಮಗ್ಗುಲಲ್ಲಿ ಕೃಷ್ಣೆಯೂ ಇನ್ನೊಂದು ಮಗ್ಗುಲಲ್ಲಿ ತುಂಗಭದ್ರೆಯೂ ಹರಿಯುತ್ತಿದ್ದರೂ ನಡುವಣ ನೆಲ ಮಾತ್ರ ಶತಮಾನಗಳ ಕಾಲ ಮುಗಿಲನ್ನೇ ನಂಬಿಕೊಂಡು ಜೋಳವನ್ನೂ ಹತ್ತಿಯನ್ನೂ ಬೆಳೆದ ಪ್ರಾಂತವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಮಸ್ಕಿ, ಲಿಂಗಸೂಗೂರು, ಸಿಂಧನೂರು ಸೀಮೆಯ ತುರ್ವಿಹಾಳ, ಇವೆಲ್ಲ ಆ ನಾಡಿನ ಊರುಗಳೇ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವೆನಿಸಿಕೊಂಡಿತು. ಆದರೆ ಅಣೆಕಟ್ಟಿನಿಂದ ಬಿಸಿಲೇನೂ ತಗ್ಗಲಿಲ್ಲ. ಪಾದರಸವು 40 ಡಿಗ್ರಿಯನ್ನು ದಾಟುವ ವೈಶಾಖದ ದಿನಗಳಲ್ಲಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಕೆರೆಯ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದ ಹೆಣ್ಣುಮಗಳೊಬ್ಬಳ ಮೈಯಿಂದ ಮಧ್ಯಾಹ್ನದೊಳಗಾಗಿ ಎರಡು ಮೂರು ಲೀಟರಿನಷ್ಟು ನೀರೂ ಅದರೊಡನೆ ಹಲವು ಗ್ರಾಮುಗಳಷ್ಟು ಉಪ್ಪೂ ಬೆವರಾಗಿ ಹೊರಟುಹೋಗುತ್ತವೆ. ರಕ್ತದ ದ್ರವಭಾಗವೆಂಬುದು ಬಹುಮಟ್ಟಿಗೆ ಉಪ್ಪುನೀರೇ ಆಗಿರುವುದರಿಂದ, ಇಷ್ಟೊಂದು ನಷ್ಟವಾದ ಮೇಲೆ ರಕ್ತದ ಒತ್ತಡ ಕುಸಿದು, ಆಕೆ ಸಲಿಕೆ ಹಿಡಿದಲ್ಲಿಯೇ ಬವಳಿ ಬಂದು ಬೀಳಬೇಕಾಗಿತ್ತು. ಸಾಮಾನ್ಯವಾಗಿ ಹಾಗೆ ಬೀಳುವುದಿಲ್ಲ. ಸಂಜೆಯವರೆಗೂ ಮಣ್ಣು ಹೊತ್ತು, ಮನೆಗೆ ಬಂದು ಒಲೆ ಹಚ್ಚುತ್ತಾಳೆ.

ಈ ಪವಾಡವನ್ನು ದಿನನಿತ್ಯವೂ ನಡೆಯಿಸುತ್ತಿರುವ ಒಂದು ಪುರಾತನ ರಾಸಾಯನಿಕ ವ್ಯವಸ್ಥೆ ನಮ್ಮ ದೇಹದೊಳಗುಂಟು. ಸೋಜಿಗವೇನೆಂದರೆ, ಇಂದು ದವಾಖಾನೆಗಳಲ್ಲಿ ‘ಬಿ.ಪಿ. ಗುಳಿಗೆ’ ಎಂಬ ಹೆಸರಿನಿಂದ ಕೈಗೆ ಬರುವ ಮಾತ್ರೆಗಳಲ್ಲಿ ಅತ್ಯಂತ ಪರಿಚಿತವಾದ ಒಂದು, ಎಂದರೆ ಟೆಲ್ಮಿಸಾರ್ಟನ್ ಎಂಬುದು, ಮಾಡತಕ್ಕ ಕೆಲಸವೆಲ್ಲ ಈ ವ್ಯವಸ್ಥೆಯ ಬಾಯಿಗೆ ಬೀಗ ಹಾಕುವುದೇ ಆಗಿದೆ. ಲಕ್ಷಾಂತರ ಜನರಿಗೆ ಪ್ರಾಣರಕ್ಷಕವಾದ ಈ ಬೀಗವು ಕೆಲವರಿಗೆ, ಕೆಲವು ವೇಳೆಗಳಲ್ಲಿ, ಪ್ರಾಣಾಂತಕವೂ ಆದೀತು. ಯಾರು ಇದನ್ನು ನುಂಗಕೂಡದು ಎಂಬ ಪಟ್ಟಿ ಔಷಧದ ಪೆಟ್ಟಿಗೆಯೊಳಗಣ ಸಣ್ಣಕ್ಷರದ ಕಾಗದದಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದುವವರು ವಿರಳ, ಓದಿದವರಿಗೂ ಅದು ಒಂದಕ್ಕೊಂದು ಸಂಬಂಧವಿಲ್ಲದ ನಿಷೇಧಗಳ ಕಂತೆಯಂತೆ ತೋರುವುದು ಸಹಜ. ಆದರೆ ಗುಳಿಗೆಯು ದೇಹದಲ್ಲಿ ಎಲ್ಲಿ ಕುಳಿತು ಏನು ಮಾಡುತ್ತದೆಂಬುದನ್ನು ಒಮ್ಮೆ ತಿಳಿದುಕೊಂಡವನಿಗೆ ಆ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಅದರ ಬಹುಭಾಗವನ್ನು ಅವನು ತಾನಾಗಿಯೇ ಬರೆಯಬಲ್ಲನು.

ವ್ಯವಸ್ಥೆಯ ಮೊದಲ ಕೊಂಡಿ ಮೂತ್ರಪಿಂಡದಲ್ಲಿದೆ. ಬೆನ್ನಿನ ಇಕ್ಕೆಲಗಳಲ್ಲಿ, ಒಂದು ಮುಷ್ಟಿಯ ಗಾತ್ರವನ್ನು ಮೀರದ ಈ ಎರಡು ಅಂಗಗಳು ಹೃದಯವು ಹೊರದೂಡಿದ ರಕ್ತದ ಸುಮಾರು ಐದನೆಯ ಒಂದು ಪಾಲನ್ನು ತಮ್ಮೆಡೆಗೆ ಸೆಳೆದುಕೊಂಡು, ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಮಿಕ್ಕುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸುತ್ತವೆ. ಸೋಸುವ ಕೆಲಸ ನಡೆಯಬೇಕಾದರೆ ಒತ್ತಡ ಬೇಕು. ಆದುದರಿಂದ ಒತ್ತಡದ ಏರಿಳಿತವನ್ನು ಮೂತ್ರಪಿಂಡವು ಬಹು ಎಚ್ಚರದಿಂದ ಗಮನಿಸುತ್ತದೆ. ಒಳಬರುವ ರಕ್ತದ ಒತ್ತಡ ತಗ್ಗಿದಾಗ, ಇಲ್ಲವೆ ಸೋಸಿದ ದ್ರವದಲ್ಲಿ ಉಪ್ಪು ಕಡಮೆಯಾದಾಗ, ಅಲ್ಲಿಯ ಕೆಲವು ವಿಶಿಷ್ಟ ಕೋಶಗಳು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಸ್ರವಿಸುತ್ತವೆ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೈಗರ್‌ಸ್ಟೆಟ್ ಮತ್ತು ಆತನ ಶಿಷ್ಯ ಪೇರ್ ಬರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು ತೆಗೆದ ರಸವನ್ನು ಬೇರೊಂದು ಮೊಲಕ್ಕೆ ಚುಚ್ಚಿ, ಅದರ ರಕ್ತದೊತ್ತಡ ಏರುವುದನ್ನು ಕಂಡು, ಈ ವಸ್ತುವನ್ನು ಲೋಕಕ್ಕೆ ತಿಳಿಯಪಡಿಸಿದ್ದು 1898ರಲ್ಲಿ. ಲೋಕವು ಕೇಳಿಸಿಕೊಳ್ಳಲಿಲ್ಲ. ಮೂವತ್ತಾರು ವರ್ಷಗಳು ಕಳೆದ ಮೇಲೆ, 1934ರಲ್ಲಿ, ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯನ್ನು ಬೆಳ್ಳಿಯ ಚಿಮ್ಮಟದಿಂದ ಅರೆಬಿಗಿದು ಅವುಗಳಿಗೆ ಶಾಶ್ವತವಾದ ರಕ್ತದೊತ್ತಡವನ್ನು ತರಿಸಿ ತೋರಿಸಿದಾಗಲಷ್ಟೇ ಹಳೆಯ ಪ್ರಬಂಧದ ಧೂಳನ್ನು ಕೊಡವುವ ಬುದ್ಧಿ ವಿದ್ವಾಂಸರಿಗೆ ಬಂದಿತು.

ರೆನಿನ್ ತಾನಾಗಿ ಒತ್ತಡವನ್ನು ಏರಿಸುವುದಿಲ್ಲ. ಯಕೃತ್ತಿನಿಂದ ಹೊರಟು ರಕ್ತದಲ್ಲಿ ಸುಮ್ಮನೆ ಅಲೆಯುತ್ತಿರುವ ಒಂದು ದೊಡ್ಡ ಪ್ರೋಟೀನಿನ ತುದಿಯನ್ನು ಕತ್ತರಿಸಿ, ಹತ್ತು ಅಮೈನೋ ಆಮ್ಲಗಳ ಒಂದು ತುಣುಕನ್ನು ಅದು ಬಿಡಿಸುತ್ತದೆ. ಆ ತುಣುಕು ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳನ್ನು ಹಾದುಹೋಗುವಾಗ ಮತ್ತೊಂದು ಕಿಣ್ವದ ಕೈಗೆ ಸಿಕ್ಕಿ ಇನ್ನೂ ಎರಡನ್ನು ಕಳೆದುಕೊಂಡು ಎಂಟರ ಸರಪಳಿಯಾಗುತ್ತದೆ. ಈ ಎಂಟರ ಸರಪಳಿಯೇ ಆಂಜಿಯೊಟೆನ್ಸಿನ್-2. ಬ್ಯೂನಸ್ ಐರಿಸ್‌ನ ವಿಜ್ಞಾನಿಗಳೂ ಇಂಡಿಯಾನಾಪೊಲಿಸ್‌ನ ವಿಜ್ಞಾನಿಗಳೂ ಒಬ್ಬರನ್ನೊಬ್ಬರು ಅರಿಯದೆ ಇದನ್ನು ಬಹುಮಟ್ಟಿಗೆ ಏಕಕಾಲದಲ್ಲಿ ಕಂಡುಹಿಡಿದು, ತಮ್ಮ ತಮ್ಮ ನಾಮಕರಣವನ್ನೇ ಹಿಡಿದು ಸುಮಾರು ಇಪ್ಪತ್ತು ವರ್ಷ ಜಗ್ಗಾಡಿ, ಕೊನೆಗೆ 1958ರಲ್ಲಿ ಎರಡು ಹೆಸರುಗಳನ್ನೂ ಅರ್ಧರ್ಧ ಕೂಡಿಸಿ ರಾಜಿಯಾದರು. ಆ ಸರಪಳಿಯ ಸಾಮರ್ಥ್ಯವನ್ನು ನೋಡಿದರೆ ಜಗಳವಾಡಿದ್ದರಲ್ಲಿ ತಪ್ಪಿಲ್ಲವೆನ್ನಿಸುತ್ತದೆ. ಸೂಕ್ಷ್ಮ ಧಮನಿಗಳ ಸ್ನಾಯುವನ್ನು ಅದು ಬಿಗಿಗೊಳಿಸುತ್ತದೆ; ಮೂತ್ರಪಿಂಡದ ಮೇಲೆ ಕುಳಿತಿರುವ ಗ್ರಂಥಿಯಿಂದ ಆಲ್ಡೊಸ್ಟಿರೋನ್ ಎಂಬ ಸ್ರಾವವನ್ನು ಹೊರಡಿಸಿ, ಮೂತ್ರಕ್ಕೆ ಹೋಗಬೇಕಾದ ಉಪ್ಪನ್ನು ತಡೆದು ಪೊಟ್ಯಾಸಿಯಮ್ಮನ್ನು ಹೊರಗಟ್ಟುತ್ತದೆ; ಮಿದುಳಿಗೆ ಹೋಗಿ ನೀರಡಿಕೆಯನ್ನು ಎಬ್ಬಿಸುತ್ತದೆ. ಖಾತ್ರಿ ಕೆಲಸದ ಹೆಣ್ಣುಮಗಳು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿರುವುದೂ, ಕೊಡದ ಕಡೆಗೆ ಅವಳ ಕೈ ತಾನಾಗಿ ಹೋಗುವುದೂ ಇದರಿಂದಲೇ.

ಇಂಥ ಹಿತೈಷಿಯ ಬಾಯನ್ನು ಕಟ್ಟುವುದೇಕೆ? ಏಕೆಂದರೆ ಉಪ್ಪು ದುರ್ಲಭವಾಗಿದ್ದ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆ ಇದು. ಉಪ್ಪು ಸುಲಭವಾದ ಕಾಲದಲ್ಲಿಯೂ ತನ್ನ ಹಳೆಯ ಜಿಪುಣತನವನ್ನು ಬಿಟ್ಟಿಲ್ಲ. ಬ್ರೆಜಿಲ್ ದೇಶದ ಅರಣ್ಯವಾಸಿಗಳಾದ ಯಾನೊಮಾಮಿ ಜನ ಅಡುಗೆಗೆ ಉಪ್ಪನ್ನೇ ಬಳಸದವರು. 52 ಕೇಂದ್ರಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ರಕ್ತದೊತ್ತಡದ ಮೇಲಿನ ಅಂಕಿಯ ಸರಾಸರಿ 100ಕ್ಕಿಂತ ಕೆಳಗೇ ಇತ್ತು, ವಯಸ್ಸಾದಂತೆ ಏರುತ್ತಲೂ ಇರಲಿಲ್ಲ. ಅವರ ರಕ್ತದಲ್ಲಿ ರೆನಿನ್ ಮಾತ್ರ ಹೇರಳ. ಬರುವ ಚೂರುಪಾರು ಉಪ್ಪನ್ನು ಹಿಡಿದಿಟ್ಟುಕೊಳ್ಳುವುದಕ್ಕಾಗಿ ಅದು ಹಗಲಿರುಳೂ ದುಡಿಯುತ್ತಿರುತ್ತದೆ. ನಮ್ಮ ಕಡೆಯ ಊಟವಾದರೋ ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೆಂಪು ಖಾರ, ಉಪ್ಪಿನಕಾಯಿ, ಮುಂಜಾನೆಗೆ ಒಗ್ಗರಣೆ-ಮಿರ್ಚಿ, ಇವುಗಳಿಲ್ಲದೆ ಮುಗಿಯತಕ್ಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಮಿನೊಳಗಿರಲಿ ಎಂದ ಉಪ್ಪನ್ನು ಇಂಥ ಊಟ ಸುಲಭವಾಗಿ ಮೀರುತ್ತದೆ. ಬೇಸಿಗೆಯಲ್ಲಿ ಬೆವರುವ ಕೂಲಿಕಾರನಿಗೆ ಒಂದಿಷ್ಟು ಹೆಚ್ಚು ಉಪ್ಪು ಸಲ್ಲುವುದೇನೋ ಸರಿಯೆ; ಹೊಲ ಬಿಟ್ಟು ಅಂಗಡಿಯ ಗಲ್ಲೆಯ ಮುಂದೆ ಕುಳಿತವನೂ ಅದೇ ಅಳತೆಯಲ್ಲಿ ಉಂಡರೆ ಆ ಉಪ್ಪು ಎಲ್ಲಿಗೆ ಹೋಗಬೇಕು? ಕಾಲುವೆಯ ನೀರನ್ನು ಅಳತೆಯಿಲ್ಲದೆ ಹರಿಯಗೊಟ್ಟ ಹೊಲಗಳು ಸವಳಾದದ್ದನ್ನು ಈ ಸೀಮೆಯ ರೈತರು ಕಣ್ಣಾರೆ ಕಂಡವರು. ಉಪ್ಪಿನ ಲೆಕ್ಕವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ಹೆಚ್ಚಾದಾಗ ರೆನಿನ್ ತಕ್ಕಷ್ಟು ತಗ್ಗಬೇಕು, ಅನೇಕರಲ್ಲಿ ತಗ್ಗುವುದಿಲ್ಲ. ಆಗ ಧಮನಿಗಳು ಕಾರಣವಿಲ್ಲದೆ ಬಿಗಿದುಕೊಂಡಿರುತ್ತವೆ, ಒತ್ತಡವು 140/90ನ್ನು ದಾಟಿ ಅಲ್ಲಿಯೇ ನೆಲೆಸುತ್ತದೆ, ಯಾವ ನೋವನ್ನೂ ತೋರದೆ ವರ್ಷಗಟ್ಟಲೆ ಹೃದಯವನ್ನೂ ಮಿದುಳಿನ ನಾಳಗಳನ್ನೂ ಮೂತ್ರಪಿಂಡವನ್ನೂ ಸವೆಸುತ್ತದೆ. ಲಕ್ವ ಹೊಡೆದ ದಿನ ಮೊದಲ ಬಾರಿಗೆ ತನಗೆ ಬಿ.ಪಿ. ಇತ್ತೆಂದು ತಿಳಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಔಷಧದ ಶೋಧಕ್ಕೆ ಬಂದರೆ, ಮೊದಲ ಹೆಜ್ಜೆಯ ಗೌರವ ನಮ್ಮ ದೇಶಕ್ಕೇ ಸಲ್ಲಬೇಕು. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದನ್ನು ಲೋಕಕ್ಕೆ ಸಾರಿದ ಮೇಲೆ ಪಾಶ್ಚಾತ್ಯರ ಕಣ್ಣು ಇತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರ ಸಾರವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. ಅದು ನರತಂತುಗಳ ದಾಸ್ತಾನನ್ನೇ ಬರಿದು ಮಾಡುವ ಮದ್ದಾದುದರಿಂದ ಒತ್ತಡದೊಡನೆ ಕೆಲವರ ಮನಸ್ಸಿನ ಉತ್ಸಾಹವನ್ನೂ ಇಳಿಸಿಬಿಡುತ್ತಿತ್ತು. ವಿಷಾದರೋಗಿಗಳು ಅದನ್ನು ಮುಟ್ಟಕೂಡದೆಂಬ ನಿಯಮ ಹುಟ್ಟಿದ್ದು ಹೀಗೆ. ಔಷಧದ ಗುಣವೂ ದೋಷವೂ ಒಂದೇ ಕ್ರಿಯೆಯ ಫಲಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯ ಹೆಜ್ಜೆಗೆ ನಿಜವಾದ ಸರ್ಪವೇ ಬರಬೇಕಾಯಿತು. ಬ್ರೆಜಿಲಿನ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದವರ ರಕ್ತದೊತ್ತಡ ಹಠಾತ್ತನೆ ಕುಸಿಯುವುದರ ಮರ್ಮವನ್ನು ಅರಸುತ್ತಿದ್ದ ಸೆರ್ಜಿಯೊ ಫೆರೇರಾ ಎಂಬ ತರುಣ ವಿಜ್ಞಾನಿ, ವಿಷದಿಂದ ತೆಗೆದ ಒಂದು ಸಾರವನ್ನು 1960ರ ದಶಕದಲ್ಲಿ ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಶಾಲೆಗೆ ಒಯ್ದನು. ಹತ್ತರ ಸರಪಳಿಯನ್ನು ಎಂಟಾಗಿಸುವ ಕಿಣ್ವವನ್ನು ಆ ಸಾರ ತಡೆಯುತ್ತದೆಂಬುದು ಅಲ್ಲಿ ಗೊತ್ತಾಯಿತು. ಸ್ಕ್ವಿಬ್ ಕಂಪನಿಯ ಡೇವಿಡ್ ಕುಷ್‌ಮನ್, ಮಿಗೆಲ್ ಒಂಡೆಟಿ ಎಂಬ ಇಬ್ಬರು ಅದನ್ನು ಅನುಕರಿಸಿ ನಿರ್ಮಿಸಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ಪಡೆಯಿತು. ಆದರೆ ಆ ಕಿಣ್ವಕ್ಕೆ ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆಯುವ ಕೆಲಸವೂ ಇದ್ದುದರಿಂದ, ಕಿಣ್ವ ನಿಂತಾಗ ಬ್ರಾಡಿಕೈನಿನ್ ಶೇಖರವಾಗಿ ಅನೇಕರನ್ನು ಬಿಡದ ಒಣಕೆಮ್ಮು ಕಾಡಿತು. ಹಾಗಾದರೆ ಕಿಣ್ವದ ಗೊಡವೆ ಬೇಡ, ಆಂಜಿಯೊಟೆನ್ಸಿನ್ ಹುಟ್ಟಿಕೊಳ್ಳಲಿ, ಅದು ಧಮನಿಯ ಮೇಲೆ ಹೋಗಿ ಕೂರುವ ಸ್ಥಾನವನ್ನೇ ಬೇರೊಂದು ವಸ್ತುವಿನಿಂದ ಭರ್ತಿ ಮಾಡಿಬಿಡೋಣ ಎಂಬ ಯುಕ್ತಿಯಿಂದ ಬಂದವುಗಳೇ ‘ಸಾರ್ಟನ್’ ಎಂದು ಮುಗಿಯುವ ಔಷಧಗಳು. 1995ರಲ್ಲಿ ಲೊಸಾರ್ಟನ್ ಬಂದಿತು, 1998ರಲ್ಲಿ ಟೆಲ್ಮಿಸಾರ್ಟನ್. ಈ ಎರಡನೆಯದು ತನ್ನ ಸ್ಥಾನವನ್ನು ಹಿಡಿದರೆ ಬೇಗ ಬಿಡದು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 24 ಗಂಟೆ ಹಿಡಿಯುವುದರಿಂದ ದಿನಕ್ಕೆ ಒಂದೇ ಗುಳಿಗೆ, ಸಾಮಾನ್ಯವಾಗಿ 40 ಮಿಲಿಗ್ರಾಮಿನದು, ಸಾಕಾಗುತ್ತದೆ. ಪೂರ್ಣ ಪರಿಣಾಮ ಕಾಣಲು ಮಾತ್ರ ನಾಲ್ಕು ವಾರಗಳು ಬೇಕು. ಎರಡು ದಿನ ನುಂಗಿ, ಇಳಿಯಲಿಲ್ಲವೆಂದು ಬಿಟ್ಟುಬಿಡುವವರು ಮದ್ದನ್ನು ಪರೀಕ್ಷಿಸಿದಂತೆ ಆಗಲಿಲ್ಲ.

ಇನ್ನು ನಿಷೇಧಗಳ ವಿಚಾರ. ಮೊದಲನೆಯದಾಗಿ ಗರ್ಭಿಣಿಯರು. ಇದರಲ್ಲಿ ವಿನಾಯಿತಿಯೆಂಬುದಿಲ್ಲ. ಗರ್ಭಸ್ಥ ಶಿಶುವಿನ ಮೂತ್ರಪಿಂಡ ಬೆಳೆಯುವುದಕ್ಕೂ ಕೆಲಸ ಮಾಡುವುದಕ್ಕೂ ಆಂಜಿಯೊಟೆನ್ಸಿನ್ ಅವಶ್ಯಕ. ನಾಲ್ಕನೆಯ ತಿಂಗಳಿಂದಾಚೆಗೆ ಶಿಶುವನ್ನು ಸುತ್ತುವರಿದ ನೀರು ಬಹುಪಾಲು ಅದರ ಮೂತ್ರವೇ. ತಾಯಿ ನುಂಗಿದ ಗುಳಿಗೆ ಶಿಶುವಿಗೂ ತಲಪಿ ಅಲ್ಲಿಯ ವ್ಯವಸ್ಥೆಯನ್ನು ನಿಲ್ಲಿಸಿದರೆ, ಆ ನೀರು ಬತ್ತುತ್ತದೆ, ಶ್ವಾಸಕೋಶವೂ ತಲೆಬುರುಡೆಯೂ ಬೆಳೆಯದೆ ಹೋಗಬಹುದು, ಮಗು ಉಳಿಯದೆಯೂ ಹೋಗಬಹುದು. ಬಸಿರಿನಲ್ಲಿ ಒತ್ತಡವಿದ್ದರೆ ಮೀಥೈಲ್‌ಡೋಪ, ಲ್ಯಾಬೆಟಲೋಲ್, ನಿಫೆಡಿಪಿನ್ ಮೊದಲಾದ ಬೇರೆ ಮದ್ದುಗಳಿವೆ. ಮಗುವನ್ನು ಬಯಸುವ ಹೆಂಗಸು ಮುಟ್ಟು ನಿಲ್ಲುವುದನ್ನು ಕಾಯದೆ, ಮೊದಲೇ ವೈದ್ಯರಿಗೆ ತಿಳಿಸಿ ಗುಳಿಗೆಯನ್ನು ಬದಲಾಯಿಸಿಕೊಳ್ಳತಕ್ಕದ್ದು.

ಎರಡನೆಯ ವಿಚಾರವು ಸ್ವಲ್ಪ ಸೂಕ್ಷ್ಮವಾದುದು. ಆದರೆ ಕಾಲುವೆಯ ಕೆಳಭಾಗದ ರೈತರಿಗೆ ಇದು ಇತರರಿಗಿಂತ ಬೇಗ ಮನದಟ್ಟಾದೀತು. ಮುಖ್ಯ ಕಾಲುವೆಯಲ್ಲಿ ನೀರು ಕಡಮೆಯಾದಾಗ ಉಪಕಾಲುವೆಗೆ ನೀರು ಏರುವುದಿಲ್ಲ. ಆಗ ಮುಖ್ಯ ಕಾಲುವೆಗೆ ಸ್ವಲ್ಪ ಮುಂದೆ ಅಡ್ಡಲಾಗಿರುವ ಗೇಟನ್ನು ಇಳಿಸಿದರೆ, ಹಿಂದೆ ನೀರು ನಿಂತು ಮಟ್ಟವೇರಿ, ಉಪಕಾಲುವೆಗೆ ತಾನಾಗಿ ಹರಿಯತೊಡಗುತ್ತದೆ. ಮೂತ್ರಪಿಂಡದ ಸೋಸುಗೊಂಚಲಿನ ಏರ್ಪಾಡೂ ಹೀಗೆಯೇ. ಗೊಂಚಲಿಗೆ ರಕ್ತ ತರುವ ಧಮನಿ ಒಂದು, ಅದರಿಂದ ಹೊರಗೊಯ್ಯುವ ಧಮನಿ ಇನ್ನೊಂದು. ಬರುವ ರಕ್ತ ಕಡಮೆಯಾದಾಗ ಆಂಜಿಯೊಟೆನ್ಸಿನ್ ಹೊರದಾರಿಯನ್ನು ಬಿಗಿಗೊಳಿಸಿ, ಗೊಂಚಲಿನೊಳಗೆ ಒತ್ತಡ ನಿಲ್ಲುವಂತೆ ಮಾಡಿ, ಸೋಸುವ ಕೆಲಸವನ್ನು ಉಳಿಸುತ್ತದೆ. ಟೆಲ್ಮಿಸಾರ್ಟನ್ ಈ ಮುಂದಿನ ಗೇಟನ್ನು ಮೇಲೆತ್ತುತ್ತದೆ. ಕಾಲುವೆ ತುಂಬಿರುವಾಗ ಇದರಿಂದ ಕೇಡಿಲ್ಲ. ಸಕ್ಕರೆಕಾಯಿಲೆಯವರ ಮೂತ್ರಪಿಂಡವನ್ನು ಒಳಗಿನ ಅತಿಯಾದ ಒತ್ತಡದಿಂದ ಪಾರುಮಾಡುವ ಮಹದುಪಕಾರವೂ ಇದರಿಂದಲೇ ಆಗುತ್ತದೆ. ಆದರೆ ಎರಡೂ ಮೂತ್ರಪಿಂಡಗಳ ಧಮನಿಗಳು ಸಂಕುಚಿತವಾಗಿರುವವರಿಗೆ, ಎಂದರೆ ಗೋಲ್ಡ್‌ಬ್ಲಾಟ್ ಚಿಮ್ಮಟದಿಂದ ಮಾಡಿದ್ದನ್ನು ರೋಗವೇ ಮಾಡಿರುವವರಿಗೆ, ಆ ಗೇಟೊಂದೇ ಗತಿ. ಅವರಲ್ಲಿ ಗುಳಿಗೆಯು ಸೋಸುವಿಕೆಯನ್ನೇ ನಿಲ್ಲಿಸೀತು. ಆದುದರಿಂದಲೇ ಗುಳಿಗೆ ಆರಂಭಿಸಿದ ಕೆಲವು ವಾರಗಳೊಳಗೆ, ಸೋಸುವಿಕೆ ತಗ್ಗಿದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯಾಗಬೇಕೆನ್ನುವುದು. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ, ಗೇಟೆತ್ತಿದ್ದರ ಸಹಜ ಫಲವದು. ಮೊದಲಿದ್ದುದಕ್ಕಿಂತ ಶೇಕಡ 30ನ್ನು ಮೀರಿ ಏರಿದರೆ ವೈದ್ಯರು ಕಾರಣವನ್ನು ಹುಡುಕಬೇಕಾಗುತ್ತದೆ.

ಧಮನಿ ನೆಟ್ಟಗಿರುವವರಿಗೂ ಕಾಲುವೆ ಬತ್ತುವ ದಿನಗಳು ಬರುತ್ತವೆ. ವಾಂತಿ-ಭೇದಿಯಾದ ದಿನ, ಜ್ವರದಲ್ಲಿ ಏನನ್ನೂ ಕುಡಿಯದೆ ಮಲಗಿದ ದಿನ, ಬಿಸಿಲಿನಲ್ಲಿ ದುಡಿದು ಬಸವಳಿದ ದಿನ, ದೇಹವು ತನ್ನ ಉಪ್ಪುನೀರಿನ ವ್ಯವಸ್ಥೆಯನ್ನೇ ನೆಚ್ಚಿಕೊಂಡಿರುತ್ತದೆ. ಆ ಹೊತ್ತಿಗೆ ಗುಳಿಗೆ ಒಳಗಿದ್ದರೆ ಒತ್ತಡವೂ ಕುಸಿಯಬಹುದು, ಮೂತ್ರವೂ ನಿಲ್ಲಬಹುದು. ಇದಕ್ಕೆ ಇನ್ನೊಂದು ಅಪಾಯ ಬಂದು ಸೇರುವುದುಂಟು, ಮತ್ತು ನನ್ನ ಎಣಿಕೆಯಲ್ಲಿ ನಮ್ಮ ಹಳ್ಳಿಗಳಿಗೆ ಇದೇ ದೊಡ್ಡದು: ಮೈಕೈ ನೋವಿನ ಮಾತ್ರೆ. ದಿನವೆಲ್ಲ ಬಗ್ಗಿ ನಾಟಿ ಹಚ್ಚಿದವರು ಸಂಜೆ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದವು ಹೇಗೆ ನೋವನ್ನು ಕಳೆಯುತ್ತವೆ ಎಂಬುದನ್ನು ಹೊರಗೆಡಹಿದವರು, ಫೆರೇರಾ ಹಾವಿನ ವಿಷವನ್ನು ಒಯ್ದುಕೊಟ್ಟ ಅದೇ ಜಾನ್ ವೇನ್. ಈ ಜಾತಿಯ ಮದ್ದುಗಳು ಪ್ರಾಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ತಡೆಯುತ್ತವೆಂದು ಅವರು 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತದ್ದು ಪ್ರಾಸ್ಟಗ್ಲಾಂಡಿನ್‌ಗಳ ಸಂಶೋಧನೆಗಾಗಿ. ಮೂತ್ರಪಿಂಡದ ಒಳದಾರಿಯನ್ನು ಕಷ್ಟಕಾಲದಲ್ಲಿ ತೆರೆದಿಡತಕ್ಕವು ಆ ಪ್ರಾಸ್ಟಗ್ಲಾಂಡಿನ್‌ಗಳೇ. ನೋವಿನ ಮಾತ್ರೆ ಮೇಲಿನ ಗೇಟನ್ನು ಇಳಿಸಿತು, ಬಿ.ಪಿ. ಗುಳಿಗೆ ಕೆಳಗಿನ ಗೇಟನ್ನು ಎತ್ತಿತು, ಮೂತ್ರ ಹೆಚ್ಚಿಸುವ ಮಾತ್ರೆಯೊಂದೂ ಜೊತೆಗಿದ್ದರೆ ಕಾಲುವೆಯ ನೀರೂ ಇಳಿಯಿತು. ಮೂರೂ ಒಟ್ಟುಗೂಡಿದಲ್ಲಿ ಆರೋಗ್ಯವಂತ ಮೂತ್ರಪಿಂಡವೂ ಕೆಲವೇ ದಿನಗಳಲ್ಲಿ ಸೋಲಬಲ್ಲುದು. ನೋವಿಗೆ ಸೂಜಿ ಮಾಡಿಸಿಕೊಳ್ಳುವಾಗ ‘ನಾನು ಬಿ.ಪಿ. ಗುಳಿಗಿ ತೊಗೊಂತೀನ್ರಿ’ ಎಂದು ಒಂದು ಮಾತು ಹೇಳಿದರೆ ಪ್ಯಾರಾಸಿಟಮಾಲಿನಲ್ಲಿಯೇ ಕೆಲಸ ಮುಗಿಯಬಹುದು.

ಆಲ್ಡೊಸ್ಟಿರೋನ್ ಪೊಟ್ಯಾಸಿಯಮ್ಮನ್ನು ಹೊರಗಟ್ಟುತ್ತದೆಂದು ಹಿಂದೆ ಹೇಳಿದೆವಷ್ಟೆ. ಗುಳಿಗೆಯಿಂದ ಆ ಸ್ರಾವ ತಗ್ಗಿದರೆ ಪೊಟ್ಯಾಸಿಯಂ ಒಳಗುಳಿಯುವುದು ಅನಿವಾರ್ಯ. ಮೂತ್ರಪಿಂಡ ಮೊದಲೇ ದುರ್ಬಲವಾಗಿರುವವರಲ್ಲಿ ಅದು ಮಿತಿಮೀರಿ ಹೃದಯದ ಬಡಿತವನ್ನೇ ತಪ್ಪಿಸಬಹುದು. ಬಿ.ಪಿ. ಇದ್ದವರಿಗೆ ಒಳ್ಳೆಯದೆಂದು ಪೇಟೆಯಲ್ಲಿ ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಒಂದು ಪಾಲು ಇರುವುದು ಪೊಟ್ಯಾಸಿಯಮ್ಮೇ. ಇತರರಿಗೆ ಹಿತವಾದ ಆ ಉಪ್ಪನ್ನು ಈ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಬಳಸತಕ್ಕದ್ದಲ್ಲ. ಎಳನೀರಿನ ವಿಷಯದಲ್ಲಿಯೂ ಇದೇ ಮಾತು.

ಪಿತ್ತನಾಳ ಕಟ್ಟಿಕೊಂಡವರೂ ಯಕೃತ್ತು ತೀರ ಕೆಟ್ಟವರೂ ಟೆಲ್ಮಿಸಾರ್ಟನ್ನನ್ನು ವರ್ಜಿಸಬೇಕು. ಏಕೆಂದರೆ ಇದು ಮೂತ್ರದಲ್ಲಿ ಹೋಗದೆ, ಬಹುತೇಕ ಪೂರ್ತಿಯಾಗಿ ಪಿತ್ತದೊಡನೆಯೇ ಹೊರಹೋಗತಕ್ಕ ಮದ್ದು. ಕ್ಯಾಪ್ಟೊಪ್ರಿಲ್ ಜಾತಿಯ ಮದ್ದನ್ನೂ ಇದನ್ನೂ ಕೂಡಿಸಿ ಕೊಟ್ಟರೆ ಇಮ್ಮಡಿ ಲಾಭವಾದೀತೆಂಬ ಆಸೆ ಒಂದು ಕಾಲಕ್ಕೆ ವೈದ್ಯರಿಗೂ ಇತ್ತು. 25,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್ ಪರೀಕ್ಷೆ ಆ ಆಸೆಯನ್ನು ಅಳಿಸಿತು. ಲಾಭ ಹೆಚ್ಚಲಿಲ್ಲ, ಮೂತ್ರಪಿಂಡದ ತೊಂದರೆ ಹೆಚ್ಚಿತು.

ನಿಷೇಧಗಳನ್ನು ಓದಿ ಹೆದರಿ ಗುಳಿಗೆಯನ್ನು ಕಿಟಕಿಯಿಂದಾಚೆ ಎಸೆಯುವ ಓದುಗನೂ ಉಂಟೆಂದು ಬಲ್ಲೆ. ಈ ಯಾವ ಕಾರಣವೂ ಇಲ್ಲದವನು ಗುಳಿಗೆ ಬಿಟ್ಟರೆ ಆಗುವ ಹಾನಿ, ನುಂಗಿದರೆ ಆಗಬಹುದಾದುದಕ್ಕಿಂತ ಎಷ್ಟೋ ಪಾಲು ದೊಡ್ಡದು. ಒತ್ತಡ 120ಕ್ಕೆ ಇಳಿದದ್ದು ಗುಳಿಗೆಯ ಬಲದಿಂದಲೇ ಹೊರತು ರೋಗ ಹೋದುದರಿಂದಲ್ಲ. ವಾಂತಿ-ಭೇದಿಯ ದಿನಗಳಲ್ಲಿ ವೈದ್ಯರನ್ನು ಕೇಳಿ ತಡೆಹಿಡಿದ ಗುಳಿಗೆಯನ್ನು, ಉಣ್ಣುವುದು ಕುಡಿಯುವುದು ಮೊದಲಿನಂತಾದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ, ಮತ್ತೆ ಆರಂಭಿಸಲೇಬೇಕು. ತಿಂಗಳ ಗುಳಿಗೆಗಳನ್ನೆಲ್ಲ ಒಮ್ಮೆಗೇ ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಗಾಳಿಯ ತೇವವನ್ನು ಬೇಗ ಹೀರಿಕೊಂಡು ಕೆಡುವ ಸ್ವಭಾವ ಟೆಲ್ಮಿಸಾರ್ಟನ್ ಮಾತ್ರೆಗಿರುವುದರಿಂದ, ಅದರ ಪಟ್ಟಿಯನ್ನು ನುಂಗುವ ಹೊತ್ತಿಗೆ ಒಡೆದರೆ ಸಾಕು.